ಸಮಬಲದ ಕ್ಲಬ್ ಹರ್ಲಿಂಗ್ ಪಂದ್ಯವನ್ನು ಹೆಚ್ಚುವರಿ ಅವಧಿಯ ಕೊನೆಯವರೆಗೆ ನೋಡುವ ಬಗೆ

ಐರ್ಲೆಂಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ, ಕೋಲಿನಿಂದ ಚೆಂಡು ಹೊಡೆದು ಆಡುವ ಐರಿಷ್ ಆಟವಾದ ಹರ್ಲಿಂಗ್‌ನ ಪರಿಚಯ ಹೆಚ್ಚಾಗಿ ಮಕ್ಕಳ ಮೂಲಕ ಆಗುತ್ತದೆ. ಶಾಲೆಯ ಗೆಳೆಯರ ಜೊತೆ ಮಗುವೂ ಊರಿನ ಕ್ಲಬ್ಬಿಗೆ ಸೇರುತ್ತದೆ, ಅಪ್ಪ ಅಮ್ಮ ವಾರಾಂತ್ಯದಲ್ಲಿ ಮೈದಾನದ ಅಂಚಿನಲ್ಲಿ ನಿಂತು ನೋಡಲು ಕಲಿಯುತ್ತಾರೆ, ಕೆಲವು ತಿಂಗಳುಗಳಲ್ಲಿ ಅದೇ ಕ್ಲಬ್ಬಿನ ಹಿರಿಯರ ತಂಡ ಚಾಂಪಿಯನ್‌ಷಿಪ್‌ನ ಕೊನೆಯ ಹಂತಕ್ಕೆ ಬಂದಾಗ ಮನೆಮಂದಿಯೆಲ್ಲ ಅದನ್ನು ನೋಡಲು ಹೊರಡುತ್ತಾರೆ. ಅಂಥ ಪಂದ್ಯ ಸಮಬಲದಲ್ಲಿ ಮುಗಿದು ಹೆಚ್ಚುವರಿ ಅವಧಿಗೆ ಹೋದಾಗ ಹೊಸಬರಿಗೆ ಚೆಂಡು ಎಲ್ಲಿದೆ ಎಂಬುದೇ ತಿಳಿಯದ ಗಡಿಬಿಡಿಯೊಂದು ಮಾತ್ರ ಕಾಣಿಸುತ್ತದೆ, ಪಕ್ಕದಲ್ಲಿ ಕುಳಿತ ಊರಿನವರಿಗಾದರೋ ಒಂದು ತಂಡ ನಿಧಾನವಾಗಿ ಸೋಲಿನ ಕಡೆ ಜಾರುತ್ತಿರುವುದು ಹತ್ತು ನಿಮಿಷ ಮುಂಚೆಯೇ ಕಾಣುತ್ತಿರುತ್ತದೆ. ಈ ಬರಹ ಆ ಅಂತರವನ್ನು ಕಡಿಮೆ ಮಾಡುವ ಉದ್ದೇಶದ್ದು. ನನ್ನ ಮಟ್ಟಿಗೆ ಅದರ ಸಾರ ಇಷ್ಟು: ಸಮಬಲದ ಹರ್ಲಿಂಗ್ ಪಂದ್ಯದಲ್ಲಿ ಚೆಂಡಿನ ಹಿಂದೆ ಕಣ್ಣೋಡಿಸಿದರೆ ಸಾಲದು, ಅಂಕಗಳ ಅಂತರ ಎಷ್ಟಿದೆ, ಆ ಅಂಕಗಳು ಎಲ್ಲಿಂದ ಬರುತ್ತಿವೆ ಎಂಬ ಎರಡು ಲೆಕ್ಕಗಳನ್ನು ಆರಂಭದಿಂದಲೇ ಇಟ್ಟುಕೊಳ್ಳಬೇಕು.

ಹೊರಡುವ ಮೊದಲು

ಮೊದಲು ತಿಳಿದುಕೊಳ್ಳಬೇಕಾದದ್ದು, ನೀವು ನೋಡಲಿರುವ ಪಂದ್ಯ ಸಮವಾದರೆ ಏನಾಗುತ್ತದೆ ಎಂಬುದು. ಹರ್ಲಿಂಗ್‌ನಲ್ಲಿ ಇದಕ್ಕೆ ಎಲ್ಲೆಡೆಗೂ ಎಲ್ಲ ಕಾಲಕ್ಕೂ ಒಂದೇ ಉತ್ತರವಿಲ್ಲ. ಕೆಲವು ಪಂದ್ಯಗಳು ಅದೇ ದಿನ ತೀರ್ಮಾನವಾಗಬೇಕು, ಇನ್ನು ಕೆಲವು ಇನ್ನೊಂದು ದಿನ ಮರುಪಂದ್ಯಕ್ಕೆ ಹೋಗುತ್ತವೆ. ಆಯಾ ಸ್ಪರ್ಧೆಯ ನಿಯಮವೇ ಅದನ್ನು ನಿರ್ಧರಿಸುತ್ತದೆ. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ, ಮಂಡಳಿ ಪಂದ್ಯಪಟ್ಟಿಯನ್ನು ಪ್ರಕಟಿಸುವಾಗ ಸಾಮಾನ್ಯವಾಗಿ ಇದನ್ನೂ ತಿಳಿಸುತ್ತದೆ, ಇಲ್ಲವಾದರೆ ಕ್ಲಬ್ಬಿನ ಕಾರ್ಯದರ್ಶಿಯನ್ನು ಕೇಳಿದರೆ ಸಾಕು. ಇದು ಗೊತ್ತಿದ್ದರೆ ಕೊನೆಯ ನಿಮಿಷಗಳಲ್ಲಿ ಆಟಗಾರರು ತೆಗೆದುಕೊಳ್ಳುವ ನಿರ್ಧಾರಗಳ ಹಿಂದಿನ ಕಾರಣವೂ ಅರ್ಥವಾಗುತ್ತದೆ, ಏಕೆಂದರೆ ಸಮಬಲವನ್ನು ಕಾಪಾಡಿಕೊಂಡು ಇನ್ನೊಂದು ವಾರ ಪಡೆಯುವ ತಂಡದ ಆಟ ಒಂದು ರೀತಿಯದು, ಇನ್ನು ಇಪ್ಪತ್ತು ನಿಮಿಷ ಓಡಲೇಬೇಕಾದ ತಂಡದ ಆಟ ಇನ್ನೊಂದು ರೀತಿಯದು.

ಎರಡನೆಯದು ಸಮಯ. ಕೌಂಟಿ ತಂಡಗಳ ಹಿರಿಯರ ಚಾಂಪಿಯನ್‌ಷಿಪ್ ಪಂದ್ಯ 70 ನಿಮಿಷದ್ದಾದರೆ, ಕ್ಲಬ್ ಪಂದ್ಯ 60 ನಿಮಿಷದ್ದು, ತಲಾ 30 ನಿಮಿಷಗಳ ಎರಡು ಭಾಗ. ಹೆಚ್ಚುವರಿ ಅವಧಿ ತಲಾ 10 ನಿಮಿಷಗಳ ಎರಡು ಭಾಗಗಳಲ್ಲಿ ನಡೆಯುತ್ತದೆ. ಗಾಯ ಮತ್ತಿತರ ಕಾರಣಗಳಿಂದ ಪೋಲಾದ ಸಮಯವನ್ನು ರೆಫರಿ ಪ್ರತಿ ಭಾಗದ ಕೊನೆಗೆ ಸೇರಿಸುತ್ತಾರೆ. ಈ ಸೇರಿಸಿದ ನಿಮಿಷಗಳನ್ನೂ ಹೆಚ್ಚುವರಿ ಅವಧಿಯನ್ನೂ ಹೊಸಬರು ಒಂದೇ ಎಂದು ತಿಳಿಯುವುದುಂಟು. ಮೊದಲನೆಯದು ಪಂದ್ಯದ ಬಾಲ, ಎರಡನೆಯದು ಸಮಬಲವಾದ ಮೇಲೆ ಹೊಸದಾಗಿ ಆರಂಭವಾಗುವ ಭಾಗ.

ಮೂರನೆಯದಾಗಿ, ಆ ಪಂದ್ಯ ಎಲ್ಲಿಗೆ ಒಯ್ಯುತ್ತದೆ ಎಂದು ತಿಳಿದಿರಲಿ. ಕೌಂಟಿ ಗೆದ್ದ ಕ್ಲಬ್ ಪ್ರಾಂತ್ಯದ ಸ್ಪರ್ಧೆಗೆ ಹೋಗುತ್ತದೆ, ಅಲ್ಲಿಂದ ಅಖಿಲ ಐರ್ಲೆಂಡ್ ಹಂತಕ್ಕೆ. ಅಖಿಲ ಐರ್ಲೆಂಡ್ ಕ್ಲಬ್ ಸ್ಪರ್ಧೆ 1970–71ರಲ್ಲಿ ಶುರುವಾಯಿತು, ಟಿಪ್ಪರರಿ ಕೌಂಟಿಯ ರಾಸ್‌ಕ್ರೇ ಮೊದಲ ಚಾಂಪಿಯನ್. ಬಹಳ ವರ್ಷ ಇದರ ಫೈನಲ್ ಸೇಂಟ್ ಪ್ಯಾಟ್ರಿಕ್ ದಿನವಾದ ಮಾರ್ಚ್ 17ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ನಡೆಯುತ್ತಿತ್ತು, ಈಗ ಅದು ಜನವರಿಗೆ ಬಂದಿದೆ. ಹೀಗಾಗಿ ಪಂದ್ಯಗಳು ಬಿಗಿಯಾಗುತ್ತಾ ಹೋಗುವ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು, ಅಂದರೆ ನೆಲ ಹಸಿಯಾಗಿ, ಗಾಳಿ ಜೋರಾಗಿ, ಬೆಳಕು ಬೇಗ ಕುಂದುವ ಕಾಲ. ಮಳೆ ತಡೆಯುವ ಅಂಗಿ, ಒದ್ದೆಯಾಗದ ಬೂಟು, ಬಿಸಿ ಚಹಾದ ಫ್ಲಾಸ್ಕು ಇವಿಲ್ಲದೆ ಹೋದರೆ ಹೆಚ್ಚುವರಿ ಅವಧಿಯ ಹೊತ್ತಿಗೆ ಮಕ್ಕಳು ಮನೆಗೆ ಹೋಗೋಣವೆಂದು ಹಟ ಹಿಡಿಯುತ್ತಾರೆ.

ಈ ಆಟಗಾರರಲ್ಲಿ ಯಾರಿಗೂ ಸಂಬಳವಿಲ್ಲ ಎಂಬುದನ್ನೂ ನೆನಪಿನಲ್ಲಿಟ್ಟುಕೊಂಡು ಹೋಗಬೇಕು. ಈ ಆಟವನ್ನು ನಡೆಸುವ, 1884ರಲ್ಲಿ ಥರ್ಲಸ್ ಪಟ್ಟಣದಲ್ಲಿ ಸ್ಥಾಪನೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇಂದಿಗೂ ಹವ್ಯಾಸಿ ಸಂಸ್ಥೆಯೇ. ಕ್ಲಬ್ ಎಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ಯಾರಿಷ್, ಒಂದು ಹಳ್ಳಿ ಅಥವಾ ನಗರದ ಒಂದು ಬಡಾವಣೆ. ಅಣ್ಣತಮ್ಮಂದಿರು, ದಾಯಾದಿಗಳು ಒಂದೇ ತಂಡದಲ್ಲಿ ಆಡುವುದು ಅಲ್ಲಿ ವಿಶೇಷವೇ ಅಲ್ಲ. 1981ರಲ್ಲಿ ಅಖಿಲ ಐರ್ಲೆಂಡ್ ಗೆದ್ದ ಕಿಲ್ಕೆನಿ ಕೌಂಟಿಯ ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್ ತಂಡದಲ್ಲಿ ಫೆನೆಲಿ ಮನೆತನದ ಏಳು ಮಂದಿ ಸಹೋದರರಿದ್ದರು. ಮನೆತನಗಳೇ ತಂಡ ಕಟ್ಟಿಕೊಂಡು ಆಡುವ ಕೊಡಗಿನ ಕೌಟುಂಬಿಕ ಹಾಕಿ ಹಬ್ಬವನ್ನು ನೋಡಿದವರಿಗೆ, ಇಲ್ಲಿ ಅಂಚಿನಲ್ಲಿ ನಿಂತವರ ಧ್ವನಿಯಲ್ಲಿ ಅಷ್ಟೊಂದು ಆತಂಕ ಏಕಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಂಕಗಳನ್ನು ಓದುವುದು

ತಂಡಕ್ಕೆ ಹದಿನೈದು ಆಟಗಾರರು: ಒಬ್ಬ ಗೋಲ್‌ಕೀಪರ್, ಆರು ರಕ್ಷಕರು, ನಡುವೆ ಇಬ್ಬರು, ಆರು ಮುನ್ಪಡೆಯವರು. ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಇರುತ್ತವೆ. ಅಡ್ಡಪಟ್ಟಿಯ ಕೆಳಗೆ ಚೆಂಡು ಹೋದರೆ ಗೋಲು, ಅದಕ್ಕೆ ಮೂರು ಅಂಕಗಳ ಬೆಲೆ. ಅಡ್ಡಪಟ್ಟಿಯ ಮೇಲೆ ಎರಡು ಕಂಬಗಳ ನಡುವೆ ಹೋದರೆ ಒಂದು ಪಾಯಿಂಟ್. ಪ್ರತಿ ಗೋಲಿನ ಬಳಿ ಬಿಳಿ ಕೋಟು ತೊಟ್ಟ ಇಬ್ಬರು ಅಂಪೈರ್‌ಗಳು ನಿಂತಿರುತ್ತಾರೆ. ಹಸಿರು ಬಾವುಟ ಎತ್ತಿದರೆ ಗೋಲು, ಬಿಳಿ ಬಾವುಟ ಎತ್ತಿದರೆ ಪಾಯಿಂಟ್, ಎರಡೂ ತೋಳುಗಳನ್ನು ಅಗಲಿಸಿದರೆ ಚೆಂಡು ಹೊರಗೆ ಹೋಯಿತೆಂದು ಅರ್ಥ. ಚೆಂಡು ಕಣ್ಣಿಗೆ ಸಿಗದಿದ್ದಾಗ ಬಾವುಟವನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕ್ರೋಕ್ ಪಾರ್ಕ್‌ನಲ್ಲಿ ಹಾಕ್-ಐ ತಂತ್ರಜ್ಞಾನವಿದೆ, ಊರಿನ ಮೈದಾನದಲ್ಲಿ ಅಂಪೈರ್‌ಗಳ ಕಣ್ಣೇ ಕೊನೆಯ ಮಾತು.

ಫಲಿತಾಂಶವನ್ನು ಗೋಲು ಮತ್ತು ಪಾಯಿಂಟ್‌ಗಳನ್ನು ಬೇರೆಬೇರೆಯಾಗಿ ಬರೆಯುತ್ತಾರೆ, ಒಟ್ಟುಗೂಡಿಸುವುದು ನೋಡುವವರ ಕೆಲಸ. 2018ರ ಮಾರ್ಚ್ 17ರ ಅಖಿಲ ಐರ್ಲೆಂಡ್ ಕ್ಲಬ್ ಫೈನಲ್ ಇದಕ್ಕೆ ಒಳ್ಳೆಯ ಪಾಠ. ಡಬ್ಲಿನ್‌ನ ಡಾಲ್ಕಿ ಭಾಗದ ಕೂಲಾ ಮತ್ತು ಲಿಮರಿಕ್ ನಗರದ ನಾ ಪಿಯರ್ಸಿ ಅಂದು ಎದುರಾದವು. ನಾ ಪಿಯರ್ಸಿ 2016ರಲ್ಲಿ ಈ ಪ್ರಶಸ್ತಿ ಗೆದ್ದ ಮೊದಲ ಲಿಮರಿಕ್ ಕ್ಲಬ್ ಆಗಿತ್ತು, ಕೂಲಾ 2017ರಲ್ಲಿ ಗೆದ್ದ ಮೊದಲ ಡಬ್ಲಿನ್ ಕ್ಲಬ್ ಆಗಿತ್ತು. ಹಿಂದಿನ ಎರಡು ವರ್ಷಗಳ ಚಾಂಪಿಯನ್ನರು ಎದುರುಬದುರಾಗಿದ್ದರು. ಹೆಚ್ಚುವರಿ ಅವಧಿಯೂ ಮುಗಿದ ಮೇಲೆ ಕೂಲಾದ ಲೆಕ್ಕ 1-22, ನಾ ಪಿಯರ್ಸಿಯದು 2-19. ಒಂದು ಗೋಲಿನ ಮೂರಕ್ಕೆ ಇಪ್ಪತ್ತೆರಡು ಸೇರಿಸಿದರೆ 25, ಎರಡು ಗೋಲಿನ ಆರಕ್ಕೆ ಹತ್ತೊಂಬತ್ತು ಸೇರಿಸಿದರೂ 25. ಅಂದಿನ ನಿಯಮದಂತೆ ಒಂದು ವಾರದ ಬಳಿಕ ಪೋರ್ಟ್‌ಲೀಷ್‌ನಲ್ಲಿ ಮರುಪಂದ್ಯ ನಡೆಯಿತು, ಕೂಲಾ 1-19ಕ್ಕೆ 2-15ರಿಂದ, ಅಂದರೆ 22ಕ್ಕೆ 21ರಿಂದ, ಗೆದ್ದಿತು. ಎರಡು ಪಂದ್ಯಗಳಲ್ಲೂ ನಾ ಪಿಯರ್ಸಿ ಒಂದು ಗೋಲು ಹೆಚ್ಚು ಹೊಡೆದಿತ್ತು, ಎರಡರಲ್ಲೂ ಕೂಲಾ ಪಾಯಿಂಟ್‌ಗಳಿಂದ ಆ ಅಂತರವನ್ನು ತುಂಬಿತು. ಒಂದು ತಂಡ ಗೋಲಿಗಾಗಿ ಒಳಗೆ ನುಗ್ಗಿ, ಇನ್ನೊಂದು ದೂರದಿಂದಲೇ ಒಂದೊಂದಾಗಿ ಪೇರಿಸುತ್ತಾ ಹೋದಾಗ ಪಂದ್ಯ ಇಷ್ಟು ಸಮವಾಗುತ್ತದೆ ಎಂಬುದನ್ನು ಈ ನಾಲ್ಕು ಸಂಖ್ಯೆಗಳೇ ಹೇಳುತ್ತವೆ.

ಸಣ್ಣ ಪುಸ್ತಕದ ಲೆಕ್ಕ

ಅಂಗೈಯಗಲದ ಪುಸ್ತಕ, ಮಳೆಯಲ್ಲೂ ಬರೆಯುವ ಪೆನ್ಸಿಲ್, ಇವೆರಡು ಸಾಕು. ಪುಟವನ್ನು ನಡುವೆ ಗೀಟೆಳೆದು ಎರಡು ತಂಡಗಳಿಗೆ ಹಂಚಿ. ಪಾಯಿಂಟ್ ಬಂದಾಗಲೆಲ್ಲ ಒಂದು ಗೀಟು ಹಾಕಿ, ಗೋಲಾದರೆ ಒಂದು ಸೊನ್ನೆ ಬರೆಯಿರಿ. ಅದು ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಹೊಡೆತದಿಂದ ಬಂದದ್ದಾದರೆ ಗೀಟಿನ ಕೆಳಗೆ ಚುಕ್ಕೆ ಇಡಿ. ಹೊರಗೆ ಹೋದ ಹೊಡೆತಗಳಿಗೆ ಪುಟದ ಕೆಳಗೆ ಬೇರೊಂದು ಸಾಲು ಇರಲಿ. ಮಕ್ಕಳು ಜೊತೆಗಿದ್ದರೆ ಒಬ್ಬರಿಗೆ ಒಂದು ತಂಡದ ಸಾಲನ್ನು ಒಪ್ಪಿಸಿದರೆ ಅವರೂ ಪಂದ್ಯದೊಳಗೆ ಬರುತ್ತಾರೆ.

ಈ ಚುಕ್ಕೆಗಳಿಗಾಗಿಯೇ ಪುಸ್ತಕ ಬೇಕಾದದ್ದು. ಅರ್ಧ ಪಂದ್ಯ ಮುಗಿದಾಗ ಎರಡೂ ತಂಡಗಳು ಹತ್ತು ಹತ್ತು ಪಾಯಿಂಟ್‌ಗಳಲ್ಲಿವೆ ಎಂದುಕೊಳ್ಳಿ. ಒಂದರ ಸಾಲಿನಲ್ಲಿ ಎರಡು ಚುಕ್ಕೆ, ಇನ್ನೊಂದರಲ್ಲಿ ಏಳು ಚುಕ್ಕೆ ಇದ್ದರೆ ಫಲಕ ಸಮ ಎಂದರೂ ಪಂದ್ಯ ಸಮವಲ್ಲ. ಎರಡು ಚುಕ್ಕೆಯ ತಂಡದ ಮುನ್ಪಡೆ ತನ್ನ ಶಕ್ತಿಯಿಂದ ಅಂಕ ಗಳಿಸುತ್ತಿದೆ, ಏಳು ಚುಕ್ಕೆಯ ತಂಡ ಎದುರಾಳಿಯ ತಪ್ಪುಗಳ ಮೇಲೆ ಮತ್ತು ಒಬ್ಬನೇ ಫ್ರೀ ಹೊಡೆತಗಾರನ ಮೇಲೆ ನಿಂತಿದೆ. ಇದರಿಂದ ಯಾರು ಗೆಲ್ಲುತ್ತಾರೆ ಎಂದು ಹೇಳಲಾಗದು. ಆದರೆ ಎರಡನೆಯ ತಂಡದ ಹೊಡೆತಗಾರನಿಗೆ ಗಾಯವಾದರೆ, ಅಥವಾ ಮೊದಲನೆಯ ತಂಡದ ರಕ್ಷಕರು ಶಿಸ್ತು ಕಲಿತುಕೊಂಡರೆ, ಪಂದ್ಯ ಯಾವ ಕಡೆ ವಾಲುತ್ತದೆ ಎಂಬುದು ನಿಮಗೆ ಮೊದಲೇ ತಿಳಿದಿರುತ್ತದೆ. ಅಂಕಫಲಕವನ್ನಷ್ಟೇ ನೋಡಿದವರಿಗೆ ಇದು ಸಿಗುವುದಿಲ್ಲ.

ನಿಗದಿತ ಅರವತ್ತು ನಿಮಿಷಗಳಲ್ಲಿ ಗಮನಿಸಬೇಕಾದ್ದು

ಕೈ ಮತ್ತು ಚೆಂಡಿನ ನಿಯಮಗಳನ್ನು ಒಂದಿಷ್ಟು ತಿಳಿದುಕೊಂಡರೆ ರೆಫರಿ ಸೀಟಿ ಊದುವ ಕಾರಣ ಹೊಳೆಯುತ್ತದೆ. ಸ್ಲಿಟರ್ ಎಂದು ಕರೆಯುವ ಚೆಂಡನ್ನು ನೆಲದಿಂದ ನೇರವಾಗಿ ಕೈಯಿಂದ ಎತ್ತುವಂತಿಲ್ಲ, ಆಟದ ಕೋಲಾದ ಹರ್ಲಿಯಿಂದಲೋ ಕಾಲಿನಿಂದಲೋ ಮೇಲೆತ್ತಬೇಕು. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ನಡೆಯುವಂತಿಲ್ಲ. ಒಬ್ಬ ಆಟಗಾರ ತನ್ನ ಹತೋಟಿಯಲ್ಲಿರುವ ಚೆಂಡನ್ನು ಕೈಗೆ ತೆಗೆದುಕೊಳ್ಳಬಹುದಾದದ್ದು ಎರಡು ಸಲ ಮಾತ್ರ, ಹರ್ಲಿಯ ಚಪ್ಪಟೆ ತುದಿಯ ಮೇಲೆ ಅದನ್ನು ಕುಣಿಸುತ್ತಾ ಎಷ್ಟು ದೂರ ಬೇಕಾದರೂ ಓಡಬಹುದು. ಕೈಯಿಂದ ಸಹ ಆಟಗಾರನಿಗೆ ಕೊಡುವಾಗ ಹೊಡೆತದ ಚಲನೆ ಸ್ಪಷ್ಟವಾಗಿ ಕಾಣಬೇಕು, ಎಸೆಯಕೂಡದು. ದಣಿದ ಆಟಗಾರರು ಮೊದಲು ಎಡವುವುದು ಇಲ್ಲಿಯೇ: ಐದನೆಯ ಹೆಜ್ಜೆ ಇಡುತ್ತಾರೆ, ಚೆಂಡನ್ನು ಎಸೆದುಬಿಡುತ್ತಾರೆ, ಎದುರಾಳಿಯ ತೋಳನ್ನು ಹಿಡಿಯುತ್ತಾರೆ. ಪ್ರತಿಯೊಂದೂ ಒಂದು ಫ್ರೀ ಹೊಡೆತ, ಒಳ್ಳೆಯ ಹೊಡೆತಗಾರನಿದ್ದರೆ ಪ್ರತಿಯೊಂದೂ ಒಂದು ಪಾಯಿಂಟ್.

ಫ್ರೀ ಹೊಡೆತ ತೆಗೆದುಕೊಳ್ಳುವವನನ್ನು ಆರಂಭದಿಂದಲೇ ಗುರುತಿಟ್ಟುಕೊಳ್ಳಿ. ಅವನು ಚೆಂಡನ್ನು ನೆಲದಿಂದ ಹರ್ಲಿಯಲ್ಲಿ ಎತ್ತಿ, ಕೈಯಲ್ಲಿ ಹಿಡಿಯದೆ, ಗಾಳಿಯಲ್ಲಿರುವಾಗಲೇ ಬಾರಿಸಬೇಕು. ರಕ್ಷಕನಿಗೆ ತಗುಲಿದ ಚೆಂಡು ಗೋಲಿನ ಗೆರೆ ದಾಟಿ ಹೊರಹೋದರೆ 65 ಮೀಟರ್ ದೂರದಿಂದ ಸಿಗುವ ಹೊಡೆತವನ್ನೂ ಸಾಮಾನ್ಯವಾಗಿ ಅವನೇ ತೆಗೆದುಕೊಳ್ಳುತ್ತಾನೆ. ಮೊದಲಾರ್ಧದಲ್ಲಿ ಯಾವ ದೂರದವರೆಗೆ ಅವನ ಹೊಡೆತ ತಪ್ಪಲಿಲ್ಲ, ಯಾವ ಬದಿಯಿಂದ ತಡವರಿಸಿದ ಎಂಬುದನ್ನು ಬರೆದಿಟ್ಟುಕೊಂಡರೆ, ಎಪ್ಪತ್ತೈದನೆಯ ನಿಮಿಷದಲ್ಲಿ ಅದೇ ಜಾಗದಿಂದ ಅವನು ಹೊಡೆಯಲು ನಿಂತಾಗ ನಿಮ್ಮ ನಿರೀಕ್ಷೆಗೆ ಒಂದು ಆಧಾರವಿರುತ್ತದೆ.

ಗಾಳಿಯನ್ನು ಕುರಿತು ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಐರ್ಲೆಂಡಿನ ಕ್ಲಬ್ ಮೈದಾನಗಳಲ್ಲಿ ದೊಡ್ಡ ಕ್ರೀಡಾಂಗಣದ ಎತ್ತರದ ಗೋಡೆಗಳ ಮರೆ ಇರುವುದಿಲ್ಲ. 110ರಿಂದ 120 ಗ್ರಾಂ ತೂಗುವ ಚೆಂಡು ಮೈದಾನದ ಅರ್ಧ ಉದ್ದವನ್ನು ಗಾಳಿಯಲ್ಲಿ ದಾಟುವ ಆಟದಲ್ಲಿ ಗಾಳಿ ಯಾರ ಬೆನ್ನಿಗಿದೆ ಎಂಬುದರಿಂದ ಅಂಕಫಲಕದ ಅರ್ಥವೇ ಬದಲಾಗುತ್ತದೆ. ಮೊದಲಾರ್ಧದಲ್ಲಿ ಗಾಳಿಗೆ ಎದುರಾಗಿ ಆಡಿ ಎರಡೇ ಪಾಯಿಂಟ್ ಹಿಂದಿರುವ ತಂಡ ನಿಜವಾಗಿ ಮುಂದಿದೆ ಎಂದು ಊರಿನ ಹಿರಿಯರು ಲೆಕ್ಕ ಹಾಕುವುದು ಇದಕ್ಕೇ. ಬಾವುಟಗಳು, ಮರಗಳು, ಗೋಲ್‌ಕೀಪರ್ ಹೊಡೆದ ಚೆಂಡು ಬೀಳುವ ಜಾಗ, ಇವುಗಳನ್ನು ನೋಡಿ ಗಾಳಿಯ ದಿಕ್ಕನ್ನು ಪುಟದ ಮೇಲ್ಗಡೆ ಬಾಣದ ಗುರುತಿನಿಂದ ಬರೆದುಕೊಳ್ಳಿ.

ಗೋಲ್‌ಕೀಪರ್ ಆಟವನ್ನು ಪುನರಾರಂಭಿಸುವ ಪಕ್‌ಔಟ್ ಹೊಡೆತಕ್ಕೆ ಹೊಸಬರು ಗಮನ ಕೊಡುವುದೇ ಇಲ್ಲ. ಅಂಕ ಬಂದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟುತ್ತಾ ಪಕ್ಕದವರ ಕಡೆ ತಿರುಗಿರುತ್ತಾರೆ. ಅದು ನೋಡಲೇಬೇಕಾದ ಗಳಿಗೆ. ಹತ್ತಿರದ ರಕ್ಷಕನಿಗೆ ಚಿಕ್ಕದಾಗಿ ಕೊಟ್ಟು ಕಟ್ಟುತ್ತಾ ಬರುವ ತಂಡ ಚೆಂಡಿನ ಮೇಲಿನ ಹಿಡಿತವನ್ನು ನಂಬುತ್ತದೆ, ನಡುಮೈದಾನಕ್ಕೆ ಎತ್ತರವಾಗಿ ಬಾರಿಸುವ ತಂಡ ಗಾಳಿಯಲ್ಲಿ ಕೈ ಚಾಚಿ ಹಿಡಿಯುವ ತನ್ನವರ ಶಕ್ತಿಯನ್ನು ನಂಬುತ್ತದೆ. ಒಂದು ತಂಡ ತನ್ನದೇ ಪಕ್‌ಔಟ್‌ಗಳನ್ನು ಸತತವಾಗಿ ಕಳೆದುಕೊಳ್ಳತೊಡಗಿತೆಂದರೆ ಅದು ಕುಸಿಯುತ್ತಿದೆ ಎಂದು ತಿಳಿಯಬೇಕು. ಅಂಕಗಳಲ್ಲಿ ಅದು ಕಾಣಿಸಿಕೊಳ್ಳಲು ಇನ್ನೂ ಕೆಲವು ನಿಮಿಷ ಬೇಕಾಗುತ್ತದೆ.

ಎಲ್ಲಿ ಕುಳಿತುಕೊಳ್ಳಬೇಕು ಎಂಬುದಕ್ಕೆ ನನ್ನ ಉತ್ತರ, ನಡುಗೆರೆಯ ಹತ್ತಿರ, ಸಾಧ್ಯವಾದಷ್ಟು ಎತ್ತರದಲ್ಲಿ. ಗೋಲಿನ ಹಿಂದೆ ನಿಂತರೆ ಗೋಲುಗಳು ಚೆನ್ನಾಗಿ ಕಾಣುತ್ತವೆ, ಆದರೆ ಪಕ್‌ಔಟ್‌ಗಳ ಕಥೆ ಕಾಣುವುದಿಲ್ಲ, ಮೇಲಾಗಿ ಬಲೆ ದಾಟಿ ಬರುವ ಚೆಂಡಿನಿಂದ ಮಕ್ಕಳಿಗೆ ಅಪಾಯವೂ ಇದೆ.

ಕೊನೆಯ ಐದು ನಿಮಿಷ: ಅಂತರದ ವ್ಯಾಕರಣ

ಇಲ್ಲಿಂದ ಮುಂದೆ ಒಟ್ಟು ಅಂಕಗಳನ್ನು ಮರೆತು ಅಂತರವನ್ನು ಮಾತ್ರ ನೋಡಿ. ಒಂದು ಪಾಯಿಂಟ್ ಹಿಂದಿರುವ ತಂಡಕ್ಕೆ ಎದುರಾಳಿಯ ಅಂಗಳದಲ್ಲಿ ಫ್ರೀ ಸಿಕ್ಕಿದರೆ ಅದು ಪಾಯಿಂಟ್ ತೆಗೆದುಕೊಂಡು ಹೆಚ್ಚುವರಿ ಅವಧಿಯ ಕಡೆ ನೋಡುತ್ತದೆ. ಮೂರು ಪಾಯಿಂಟ್ ಹಿಂದಿದ್ದು ಸಮಯ ಮುಗಿದಿದ್ದರೆ ಗೋಲಿಗೇ ಹೊಡೆಯಬೇಕು, ಸಾಲಾಗಿ ನಿಂತ ರಕ್ಷಕರ ನಡುವಿನಿಂದ ತೂರಿಸಲು ನೋಡಬೇಕು. ಎರಡು ಪಾಯಿಂಟ್‌ಗಳ ಅಂತರವೇ ಎಲ್ಲಕ್ಕಿಂತ ಇಕ್ಕಟ್ಟಿನದು: ಪಾಯಿಂಟ್ ತೆಗೆದುಕೊಂಡರೆ ಇನ್ನೂ ಹಿಂದೆಯೇ ಉಳಿದು ಮತ್ತೊಂದು ಅವಕಾಶಕ್ಕಾಗಿ ಕಾಯಬೇಕು, ಗೋಲಿಗೆ ಹೊಡೆದು ಸಿಕ್ಕಿದರೆ ಪಂದ್ಯವೇ ಕೈಗೆ ಬರುತ್ತದೆ, ತಪ್ಪಿದರೆ ಎಲ್ಲವೂ ಹೋಗುತ್ತದೆ. ಎಷ್ಟು ಸೆಕೆಂಡು ಉಳಿದಿದೆ ಎಂದು ಹೊಡೆಯುವವನು ರೆಫರಿಯನ್ನು ಕೇಳುವುದನ್ನು ನೀವು ದೂರದಿಂದಲೇ ಕಾಣಬಹುದು.

ಮುಂದಿರುವ ತಂಡಕ್ಕೂ ನೆಮ್ಮದಿಯಿಲ್ಲ. 2022ರ ಫೆಬ್ರುವರಿಯಲ್ಲಿ ಕ್ರೋಕ್ ಪಾರ್ಕ್‌ನಲ್ಲಿ ನಡೆದ ಕ್ಲಬ್ ಫೈನಲ್‌ನ ಕೊನೆಗೆ ಸೇರಿಸಿದ ನಿಮಿಷಗಳಲ್ಲಿ ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್ ವಾಟರ್‌ಫರ್ಡ್ ಕೌಂಟಿಯ ಬ್ಯಾಲಿಗನ್ನರ್ ತಂಡಕ್ಕಿಂತ ಎರಡು ಪಾಯಿಂಟ್ ಮುಂದಿತ್ತು. ಬದಲಿ ಆಟಗಾರನಾಗಿ ಬಂದಿದ್ದ ಹ್ಯಾರಿ ರಡಲ್ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲಿನಿಂದ ಬ್ಯಾಲಿಗನ್ನರ್ 2-17ಕ್ಕೆ 1-19ರಿಂದ, 23ಕ್ಕೆ 22ರಿಂದ, ಗೆದ್ದಿತು; ವಾಟರ್‌ಫರ್ಡ್‌ಗೆ ಅದು ಮೊದಲ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿ. ಆ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಲಿಲ್ಲ, ಆದರೂ ಅದನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ: ಎರಡು ಪಾಯಿಂಟ್ ಮುಂದಿರುವುದು ಒಂದೇ ಹೊಡೆತದಲ್ಲಿ ಸೋಲಾಗಬಹುದು, ಮೂರು ಮುಂದಿರುವುದು ಹೆಚ್ಚೆಂದರೆ ಸಮಬಲವಾಗಬಹುದು. ಆದ್ದರಿಂದಲೇ ಎರಡು ಪಾಯಿಂಟ್ ಮುಂದಿರುವ ತಂಡ ಕೊನೆಯ ನಿಮಿಷದಲ್ಲೂ ಮೂರನೆಯದಕ್ಕಾಗಿ ಅಷ್ಟು ಒದ್ದಾಡುತ್ತದೆ.

ಸಮಬಲವಾದ ಮೇಲಿನ ವಿರಾಮ

ನಿಗದಿತ ಸಮಯ ಸಮಬಲದಲ್ಲಿ ಮುಗಿದಾಗ ಚಹಾ ತರಲು ಹೊರಡಬೇಡಿ. ಈ ಕೆಲವು ನಿಮಿಷಗಳಲ್ಲಿ ಕಾಣುವುದು ಬಹಳವಿದೆ. ಮೊದಲೇ ಹೊರಗೆ ಕರೆಸಿಕೊಂಡಿದ್ದ ಆಟಗಾರರನ್ನು ಹೆಚ್ಚುವರಿ ಅವಧಿಗೆ ಮತ್ತೆ ಇಳಿಸುವುದುಂಟು, ಹಾಗಾಗಿ ಯಾರು ಮತ್ತೆ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾರೆ ಎಂದು ನೋಡಿ. ಯಾರ ಕಾಲನ್ನು ಫಿಸಿಯೊ ಎತ್ತಿ ಹಿಡಿದು ಸ್ನಾಯು ಸಡಿಲಿಸುತ್ತಿದ್ದಾರೆ, ತಂಡ ಒಟ್ಟಾಗಿ ವರ್ತುಲದಲ್ಲಿ ನಿಂತಿದೆಯೋ ಅಲ್ಲಲ್ಲಿ ಕುಸಿದು ಕುಳಿತಿದೆಯೋ, ಮ್ಯಾನೇಜರ್ ಯಾರ ಭುಜ ಹಿಡಿದು ಒಂಟಿಯಾಗಿ ಮಾತಾಡುತ್ತಿದ್ದಾರೆ, ಇವೆಲ್ಲ ಮುಂದಿನ ಇಪ್ಪತ್ತು ನಿಮಿಷಗಳ ಸೂಚನೆಗಳು. ಪುಸ್ತಕದಲ್ಲಿ ಹೊಸ ಪುಟ ತೆಗೆಯಿರಿ. ಹಳೆಯ ಅಂಕಗಳನ್ನು ಮೇಲೆ ಬರೆದು, ಕೆಳಗೆ ಮತ್ತೆ ಸೊನ್ನೆಯಿಂದ ಗೀಟು ಹಾಕುತ್ತಾ ಹೋದರೆ, ಹೆಚ್ಚುವರಿ ಅವಧಿ ತನ್ನದೇ ಆದ ಒಂದು ಪುಟ್ಟ ಪಂದ್ಯವೆಂಬುದು ಕಣ್ಣಿಗೆ ಕಟ್ಟುತ್ತದೆ. ಯಾವ ತಂಡ ಯಾವ ಕಡೆಗೆ ಆಡುತ್ತದೆ ಎಂಬುದು ಹೊಸದಾಗಿ ನಿರ್ಧಾರವಾಗುವುದರಿಂದ ಗಾಳಿಯ ಬಾಣವನ್ನೂ ಮತ್ತೆ ಬರೆದುಕೊಳ್ಳಬೇಕು.

ಸಮಬಲಕ್ಕೆ ತಂದವರು ಯಾರು ಎಂಬುದೂ ಮುಖ್ಯ. ಹಿಂದಿನಿಂದ ಬಂದು ಕೊನೆಯ ಅಂಕ ಗಳಿಸಿದ ತಂಡ ಉತ್ಸಾಹದಲ್ಲಿರುತ್ತದೆ, ಗೆಲುವು ಕೈಯಲ್ಲಿದ್ದು ಕಳೆದುಕೊಂಡ ತಂಡ ಅದನ್ನು ಮರೆಯಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ಇದನ್ನೇ ಅತಿಯಾಗಿ ನಂಬುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹಿಂದಿನಿಂದ ಬರಲು ಓಡಿದ ಓಟವೂ ಕಾಲುಗಳಲ್ಲಿ ಉಳಿದಿರುತ್ತದೆ.

ಆ ಇಪ್ಪತ್ತು ನಿಮಿಷ

ಮೊದಲ ಹತ್ತು ನಿಮಿಷಗಳಲ್ಲಿ ಹುಕ್ ಮತ್ತು ಬ್ಲಾಕ್‌ಗಳನ್ನು ಎಣಿಸಿ. ಎದುರಾಳಿ ಹೊಡೆಯಲು ಹರ್ಲಿ ಬೀಸಿದಾಗ ಹಿಂದಿನಿಂದ ತನ್ನ ಹರ್ಲಿ ಚಾಚಿ ಅದನ್ನು ತಡೆಯುವುದು ಹುಕ್, ಮುಂದಿನಿಂದ ಹೊಡೆತಕ್ಕೆ ಅಡ್ಡ ಬೀಳುವುದು ಬ್ಲಾಕ್. ಎರಡೂ ಅಂಕಫಲಕದಲ್ಲಿ ಕಾಣದ ಕೆಲಸಗಳು, ಎರಡಕ್ಕೂ ಕೊನೆಯ ಒಂದು ಹೆಜ್ಜೆಯ ವೇಗ ಬೇಕು. ದಣಿವು ಮೊದಲು ಕಸಿದುಕೊಳ್ಳುವುದು ಆ ಒಂದು ಹೆಜ್ಜೆಯನ್ನೇ. ಹೊಡೆಯುವವನಿಗೆ ಇದ್ದಕ್ಕಿದ್ದಂತೆ ಎತ್ತಿ, ನೋಡಿ, ಸಾವಧಾನವಾಗಿ ಬಾರಿಸುವಷ್ಟು ಹೊತ್ತು ಸಿಗತೊಡಗಿದರೆ ಎದುರು ತಂಡದ ಕಾಲುಗಳು ಸೋತಿವೆ ಎಂದು ಅರ್ಥಮಾಡಿಕೊಳ್ಳಿ.

ಆಮೇಲೆ ದೂರದ ಹೊಡೆತಗಳನ್ನು ನೋಡಿ. ಮೊದಲಾರ್ಧದಲ್ಲಿ ಅಡ್ಡಪಟ್ಟಿಯ ಮೇಲೆ ಸಲೀಸಾಗಿ ಹೋಗುತ್ತಿದ್ದ ಅದೇ ದೂರದ ಹೊಡೆತ ಈಗ ಗೋಲ್‌ಕೀಪರ್‌ನ ಕೈಗೆ ಬೀಳುತ್ತದೆ. ಚಾಣಾಕ್ಷ ತಂಡ ಇದನ್ನು ಅರಿತು ಇನ್ನೊಂದು ಪಾಸ್ ಕೊಟ್ಟು ಹತ್ತಿರ ಬಂದು ಹೊಡೆಯುತ್ತದೆ, ಆತುರದ ತಂಡ ಅರುವತ್ತು ಎಪ್ಪತ್ತು ಮೀಟರ್‌ಗಳಿಂದ ಹೊಡೆಯುತ್ತಲೇ ಇರುತ್ತದೆ. ನಿಮ್ಮ ಪುಸ್ತಕದ ಕೆಳಸಾಲು, ಅಂದರೆ ಹೊರಗೆ ಹೋದ ಹೊಡೆತಗಳ ಸಾಲು, ಉದ್ದವಾಗುವುದು ಈ ಹಂತದಲ್ಲಿಯೇ, ಒಂದು ಪಾಯಿಂಟ್‌ನಿಂದ ಸೋತ ತಂಡದವರು ಆ ರಾತ್ರಿಯೆಲ್ಲ ನೆನೆದು ಮರುಗುವುದೂ ಈ ಸಾಲನ್ನೇ.

ಹೊಸದಾಗಿ ಇಳಿದ ಬದಲಿ ಆಟಗಾರರು ಇಲ್ಲಿ ದೊಡ್ಡ ಪಾತ್ರ ವಹಿಸುತ್ತಾರೆ. ಹದಿನೈದು ಮಂದಿ ಒಳ್ಳೆಯವರಿರುವ ಸಣ್ಣ ಹಳ್ಳಿಯ ಕ್ಲಬ್ಬಿಗೂ ಇಪ್ಪತ್ತೆರಡು ಮಂದಿ ಒಳ್ಳೆಯವರಿರುವ ನಗರದ ಕ್ಲಬ್ಬಿಗೂ ಅರವತ್ತು ನಿಮಿಷಗಳಲ್ಲಿ ಕಾಣದ ವ್ಯತ್ಯಾಸ ಎಪ್ಪತ್ತನೆಯ ನಿಮಿಷದಲ್ಲಿ ಕಾಣುತ್ತದೆ. ಮನಸ್ಸು ಸಹಜವಾಗಿಯೇ ಹಳ್ಳಿಯ ಕಡೆ ವಾಲುತ್ತದೆ, ನನ್ನದೂ ಹಾಗೆಯೇ. ಆ ತಂಡದ ಉಪಾಯಗಳನ್ನು ಗಮನಿಸಿ: ಮುನ್ಪಡೆಯವರನ್ನು ಹಿಂದಕ್ಕೆ ಕರೆಸಿ ನಡುವೆ ಜನ ತುಂಬಿಸುವುದು, ಚೆಂಡನ್ನು ಬದಿಗೆರೆಯ ಆಚೆ ಕಳಿಸಿ ಉಸಿರು ತೆಗೆದುಕೊಳ್ಳುವುದು, ಮುಂದೆ ಒಬ್ಬನೇ ಒಬ್ಬ ಬಲಶಾಲಿಯನ್ನು ಬಿಟ್ಟು ಅವನತ್ತ ಉದ್ದವಾಗಿ ಹೊಡೆಯುವುದು. ಅವನು ಚೆಂಡು ಹಿಡಿದರೆ ಗೋಲಿನ ಅವಕಾಶ, ಹಿಡಿಯಲಾಗದೆ ಎಳೆದಾಟವಾದರೆ ಫ್ರೀ ಹೊಡೆತದ ಅವಕಾಶ, ಎರಡರಿಂದಲೂ ಲಾಭವೇ.

ಎರಡನೆಯ ಹತ್ತು ನಿಮಿಷಗಳಲ್ಲಿ ಮತ್ತೆ ಅಂತರದ ವ್ಯಾಕರಣಕ್ಕೆ ಮರಳಬೇಕು. ಈಗ ಗೋಲಿನ ಬೆಲೆ ಮೊದಲಿಗಿಂತ ಹೆಚ್ಚು, ಏಕೆಂದರೆ ದಣಿದ ಎದುರಾಳಿ ಮೂರು ಪಾಯಿಂಟ್‌ಗಳನ್ನು ಒಂದೊಂದಾಗಿ ಮರಳಿ ಗಳಿಸುವಷ್ಟು ಸಮಯ ಉಳಿದಿರುವುದಿಲ್ಲ. ಕ್ಲಬ್ ಪಂದ್ಯವಲ್ಲದಿದ್ದರೂ 2024ರ ಜುಲೈ 21ರ ಕೌಂಟಿಗಳ ಅಖಿಲ ಐರ್ಲೆಂಡ್ ಫೈನಲ್ ಇದಕ್ಕೆ ಸಾಕ್ಷಿ: ಹೆಚ್ಚುವರಿ ಅವಧಿಯ ನಂತರ ಕ್ಲೇರ್ 3-29, ಕಾರ್ಕ್ 1-34. ಕಾರ್ಕ್ ಐದು ಪಾಯಿಂಟ್ ಹೆಚ್ಚು ಹೊಡೆದರೂ ಕ್ಲೇರ್‌ನ ಎರಡು ಹೆಚ್ಚಿನ ಗೋಲುಗಳ ಆರು ಅಂಕಗಳ ಮುಂದೆ 38ಕ್ಕೆ 37ರಿಂದ ಸೋತಿತು.

ಹೆಚ್ಚುವರಿ ಅವಧಿಯೂ ಸಮವಾದರೆ ಪೆನಾಲ್ಟಿಗಳಿಂದ ತೀರ್ಮಾನವಾಗುವ ಪಂದ್ಯಗಳಿವೆ. ಹರ್ಲಿಂಗ್‌ನ ಪೆನಾಲ್ಟಿ 20 ಮೀಟರ್ ಗೆರೆಯಿಂದ, ಒಬ್ಬ ಹೊಡೆತಗಾರ, ಒಬ್ಬನೇ ಗೋಲ್‌ಕೀಪರ್. 2023ರ ಡಿಸೆಂಬರ್‌ನಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಸೆಮಿಫೈನಲ್‌ನಲ್ಲಿ ಗಾಲ್ವೇ ಕೌಂಟಿಯ ಸೇಂಟ್ ಥಾಮಸ್ ತಂಡ ಬ್ಯಾಲಿಗನ್ನರ್ ತಂಡವನ್ನು ಸೋಲಿಸಿದ್ದು ಹೀಗೆಯೇ. ಮುಂದಿನ ತಿಂಗಳು ಫೈನಲ್‌ನಲ್ಲಿ ಅದೇ ಸೇಂಟ್ ಥಾಮಸ್ ಕಿಲ್ಕೆನಿಯ ಓಲಾಕ್ಲಿನ್ ಗೇಲ್ಸ್ ಎದುರು 0-19ಕ್ಕೆ 1-15ರಿಂದ, ಒಂದೇ ಪಾಯಿಂಟ್ ಅಂತರದಲ್ಲಿ, ಪ್ರಶಸ್ತಿ ಗೆದ್ದಿತು. ಎಂಬತ್ತು ನಿಮಿಷ ಹದಿನೈದು ಮಂದಿ ಸೇರಿ ಹೋರಾಡಿದ್ದನ್ನು ಐದಾರು ಹೊಡೆತಗಳಿಗೆ ಒಪ್ಪಿಸುವುದು ನನಗೆ ಇಷ್ಟವಾಗದ ವಿಧಾನ, ಕ್ಲಬ್ ಪಂದ್ಯಗಳಿಗೆ ಮರುಪಂದ್ಯವೇ ತಕ್ಕದ್ದೆಂದು ನಾನು ನಂಬುತ್ತೇನೆ. ಆದರೆ ಚಳಿಗಾಲದ ಪಂದ್ಯಪಟ್ಟಿಯಲ್ಲಿ ಖಾಲಿ ವಾರಗಳಿಲ್ಲದಿರುವುದರಿಂದ ಸಂಘಟಕರ ಕಷ್ಟವೂ ತಿಳಿಯುತ್ತದೆ.

ಲೆಕ್ಕವನ್ನು ಮುಗಿಸುವುದು

ಮನೆಗೆ ಹೊರಡುವ ಮೊದಲು ಪುಸ್ತಕದಲ್ಲಿ ಮೂರು ಸಾಲು ಬರೆದುಬಿಡಿ. ಮೊದಲ ಸಾಲಿನಲ್ಲಿ ನಿಗದಿತ ಸಮಯದ ಅಂಕಗಳು, ಎರಡನೆಯದರಲ್ಲಿ ಹೆಚ್ಚುವರಿ ಅವಧಿಯ ಅಂಕಗಳು ಮಾತ್ರ, ಮೂರನೆಯದರಲ್ಲಿ ಒಟ್ಟು, ಪಕ್ಕದಲ್ಲಿ ‘ಹೆಚ್ಚುವರಿ ಅವಧಿಯ ನಂತರ’ ಎಂಬ ಟಿಪ್ಪಣಿ. ಅದಿಲ್ಲದೆ ಹೋದರೆ ಮುಂದೊಮ್ಮೆ ಓದುವವರಿಗೆ ಅರವತ್ತು ನಿಮಿಷಗಳಲ್ಲಿ ಇಷ್ಟೊಂದು ಅಂಕಗಳೇ ಎಂದು ತಪ್ಪು ಕಲ್ಪನೆಯಾಗುತ್ತದೆ. ಫ್ರೀಗಳಿಂದ ಬಂದವನ್ನು ಆವರಣದಲ್ಲಿ ಬೇರೆಯಾಗಿ ತೋರಿಸಿ. ನಿಮ್ಮ ಲೆಕ್ಕಕ್ಕೂ ಸ್ಥಳೀಯ ರೇಡಿಯೊದವರ ಲೆಕ್ಕಕ್ಕೂ ಒಂದು ಪಾಯಿಂಟ್ ವ್ಯತ್ಯಾಸ ಬಂದರೆ, ಹೆಚ್ಚಿನ ಸಲ ಅದು ಅಂಪೈರ್ ತಡವಾಗಿ ಎತ್ತಿದ ಬಿಳಿ ಬಾವುಟವೊಂದನ್ನು ಯಾರೋ ನೋಡದೆ ಹೋದದ್ದರಿಂದ ಆಗಿರುತ್ತದೆ. ಕ್ಲಬ್ಬಿನ ಲೆಕ್ಕ ಇಡುವವರು ಮೈದಾನದ ಬಾಗಿಲ ಬಳಿಯೋ ಚಹಾದ ಕೋಣೆಯಲ್ಲೋ ಸಿಗುತ್ತಾರೆ, ಅವರೊಡನೆ ನಿಂತು ಸಾಲು ಸಾಲಾಗಿ ತಾಳೆ ನೋಡಿ ತಿದ್ದಿಕೊಳ್ಳಿ. ಮುಂದಿನ ಸುತ್ತಿನಲ್ಲಿ ಅದೇ ತಂಡವನ್ನು ನೋಡಲು ಹೋಗುವಾಗ ಈ ಪುಟವನ್ನು ತೆರೆದುಕೊಂಡು, ಅವರ ಫ್ರೀ ಹೊಡೆತಗಾರ ಯಾವ ಬದಿಯಿಂದ ತಡವರಿಸಿದ್ದ, ಹೆಚ್ಚುವರಿ ಅವಧಿಯಲ್ಲಿ ಯಾವ ಬದಲಿ ಆಟಗಾರ ನಿಜವಾಗಿ ಓಡಿದ್ದ ಎಂಬುದನ್ನು ಓದಿಕೊಂಡು ಹೋಗಿ.